ಕರಡೆಪ್ಪನ ತಲೆಗೆ ವಲ್ಲಿ

“ಕರಡೆಪ್ಪಗ ಹೋಳಿಗಿ ಬಿತ್ತು, ಛಲೋ ಆತು. ಪಾಪ, ಅವನ ಹೇಣ್ತಿ ಕೊಕ್ಕರೆಪ್ಪ ಹೊರಗ ಕಟ್ಟಿ ಮ್ಯಾಲ ಕುಂತಾನ. ಅವಗೂ ಯಾರರ ಒಂದು ಮಿಳ್ಳಿ ತುಪ್ಪ ಹಾಕ್ರೆಪಾ!”

ಬಸ್ಸಪ್ಪ ಇದನ್ನು ಪಕ್ಕದವನ ಕಿವಿಯಲ್ಲಿ ಹೇಳಲಿಲ್ಲ. ಎಡಗೈ ಮೇಲೆತ್ತಿ, ಇಡೀ ಪಂಕ್ತಿಗೆ ಕೇಳಲಿ ಎಂದೇ ಹೇಳಿದ. ಸಿಂಧನೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಭತ್ತದ ವ್ಯಾಪಾರ ಮಾಡುವ ಅಮರಗುಂಡಪ್ಪನ ಪಡಸಾಲೆಯಲ್ಲಿ ಅವತ್ತು ಮಗ ಶರಣನ ನಿಶ್ಚಯದ ಊಟ. ಹೆಣ್ಣು ಲಿಂಗಸೂಗೂರಿನವಳು, ಇದೇ ಬಸ್ಸಪ್ಪನ ತಂಗಿ ನೀಲಮ್ಮ. ಶರಣನ ಅಕ್ಕ ಅಮರಮ್ಮನನ್ನು ಮೊದಲೇ ಬಸ್ಸಪ್ಪನಿಗೆ ಕೊಟ್ಟಿತ್ತು. ಹಾಗಾಗಿ ಅವನು ಈ ಮನೆಗೆ ಅಳಿಯನೂ ಹೌದು, ಈಗ ಬೀಗನೂ ಹೌದು. ಎರಡು ಕಡೆಯಿಂದ ಮರ್ಯಾದೆ ಉಣ್ಣುವ ಬಾಯಿ ಅದು. ಮುಚ್ಚಲೇ ಎನ್ನುವ ಗಂಡಸು ಆ ಪಂಕ್ತಿಯಲ್ಲಿ ಒಬ್ಬನೂ ಇರಲಿಲ್ಲ.

ಕರಡೆಪ್ಪ ಅಂದದ್ದು ಶರಣನ ಕಾಕಾನಿಗೆ. ಸೂಗಪ್ಪ ಕಾಕಾ, ಅಮರಗುಂಡಪ್ಪನ ತಮ್ಮ. ಅಗಲ ಬೆನ್ನು, ಮೊಣಕೈ ತನಕ ಕೂದಲು, ನಡೆದರೆ ನೆಲ ತೂಗಿದಂತೆ. ಕೊಕ್ಕರೆಪ್ಪ ಅಂದದ್ದು ಮಸ್ಕಿಯ ಯಂಕೋಬನಿಗೆ. ಉದ್ದ ಕುತ್ತಿಗೆ, ದಪ್ಪ ಚಸ್ಮಾ, ಕಡ್ಡಿ ಕಾಲು. ಇಬ್ಬರೂ ಸೇರಿ ಬೋರ್ಡು ಬರೆಯುವವರು. ಟ್ರಾಕ್ಟರ್ ಟ್ರಾಲಿ, ರೈಸ್‌ಮಿಲ್ಲಿನ ಗೋಡೆ, ಕಿರಾಣಿ ಅಂಗಡಿ, ಯಾವುದಕ್ಕೂ ಸಿಂಧನೂರಿನಲ್ಲಿ ಇವರೇ ಬೇಕು. ಯಂಕೋಬ ಬೇರೆ ಜಾತಿಯವನಾದ್ದರಿಂದ ಪಂಕ್ತಿಯೊಳಗೆ ಅವನಿಗೆ ಎಲೆ ಇಲ್ಲ. ಹೊರಗಿನ ಕಟ್ಟೆಯೇ ಅವನ ಜಾಗ. ಮಲಗುವುದು ಮಾತ್ರ ಮಾಳಿಗೆ ಮೇಲಿನ ಖೋಲಿಯಲ್ಲಿ, ಕಾಕಾನ ಜೊತೆ. ಶರಣ ಅಂಗಿ ಇಲ್ಲದೆ ಓಡಾಡುತ್ತಿದ್ದ ಕಾಲದಿಂದ ಹೀಗೇ ಇತ್ತು. ಯಾರೂ ಇದಕ್ಕೆ ಹೆಸರಿಟ್ಟಿರಲಿಲ್ಲ.

ಪಂಕ್ತಿ ನಕ್ಕಿತು. ಗೊತ್ತಿದ್ದವರು ಮೊದಲು ನಕ್ಕರು. ಗೊತ್ತಿಲ್ಲದವರು ಪಕ್ಕದವರನ್ನು ಕೇಳಿ ತಿಳಿದುಕೊಂಡು ಆಮೇಲೆ ನಕ್ಕರು. ಕಾಕಾನ ಕೈಯಲ್ಲಿ ಹರಿದ ಹೋಳಿಗೆಯ ತುಂಡು ಹಾಗೇ ಇತ್ತು. ಅದನ್ನು ಎಲೆಯ ಅಂಚಿಗಿಟ್ಟ. ಹಿರಿಯರು ಮುಗಿಸುವ ತನಕ ಪಂಕ್ತಿಯಿಂದ ಏಳುವ ಹಾಗಿಲ್ಲ. ಎದ್ದರೆ ಶುಭಕಾರ್ಯ ಕೆಡಿಸಿದ ಹಾಗೆ. ಲಿಂಗಸೂಗೂರಿನ ಮುದುಕರಿಗೆ ಹಲ್ಲಿಲ್ಲ, ಅವರು ಅನ್ನ ಸಾರನ್ನು ಸಾವಕಾಶ ಕಲಸಿ, ಮಜ್ಜಿಗೆ ಹಾಕಿಸಿಕೊಂಡು, ಇನ್ನೊಮ್ಮೆ ಹಾಕಿಸಿಕೊಂಡು ಉಂಡರು. ಅಲ್ಲಿಯ ತನಕ ಕಾಕಾ ಎಲೆಯ ಅಂಚಿನ ಆ ತುಂಡು ನೋಡುತ್ತ ಕೂತೇ ಇದ್ದ.

ಎದುರು ಸಾಲಿನಲ್ಲಿ ಕೂತಿದ್ದ ಶರಣನಿಗೆ ಕಿವಿ ಕಾಯ್ದ ಹಂಚಾಗಿತ್ತು. ಬಸ್ಸಪ್ಪನ ಬಾಯಿಗೆ ಆ ಮಾತು ಬಂದದ್ದು ಎಲ್ಲಿಂದ ಎಂದು ಆ ಪಂಕ್ತಿಯಲ್ಲಿ ಅವನಿಗೊಬ್ಬನಿಗೆ ಚೆನ್ನಾಗಿ ಗೊತ್ತಿತ್ತು.

ನಿಶ್ಚಯಕ್ಕೆ ಮನೆಗೆ ಸುಣ್ಣ ಬಳಿಯಬೇಕೆಂದು ಹಿಂದಿನ ಪಕ್ಷದಲ್ಲಿ ಅಟ್ಟದ ಸಾಮಾನು ಇಳಿಸಿದ್ದರು. ಒಡೆದ ಮೊರ, ಇಲಿ ಕಡಿದ ಕೌದಿಗಳ ಕೆಳಗೆ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಹಳೆಯ ಮಕ್ಕಳ ಮಾಸಪತ್ರಿಕೆಗಳು. ಶರಣ, ಅಮರಮ್ಮ ಚಿಕ್ಕವರಿದ್ದಾಗ ಕಾಕಾ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ತಿಂಗಳು ತಪ್ಪದೆ ತರುತ್ತಿದ್ದ. ಹಿಂದಿನ ಪುಟದಲ್ಲಿ ಚಿತ್ರದ ಕಥೆ. ಕರಡೆಪ್ಪ ಎಂಬ ಕರಡಿ, ಕೊಕ್ಕರೆಪ್ಪ ಎಂಬ ಕೊಕ್ಕರೆ. ಕರಡೆಪ್ಪ ಬಸ್ ಡ್ರೈವರ್, ಕೊಕ್ಕರೆಪ್ಪ ಅಂಚೆ ಮಾಸ್ತರ. ಇಬ್ಬರದೂ ಒಂದೇ ಮನೆ.

ಆ ಭಾನುವಾರ ಮನೆ ತುಂಬಾ ಜನ. ಅಮರಮ್ಮ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು, ಬಸ್ಸಪ್ಪನೂ ಇದ್ದ. ಕಾಕಾ, ಯಂಕೋಬ ಮಾತ್ರ ಕೆಲಸಕ್ಕೆ ಹೋಗಿದ್ದರು. ಮಕ್ಕಳು ಟಿ.ವಿ.ಯಲ್ಲಿ ಕಾರ್ಟೂನು ನೋಡುತ್ತಿದ್ದಾಗ ಕರೆಂಟು ಹೋಯಿತು. ಅವು ಅಳಲು ಶುರು ಮಾಡಿದವು. ಶರಣ ಆ ಗಂಟು ಮುಂದಿಟ್ಟುಕೊಂಡು ಕೂತ.

“ಅಳಬ್ಯಾಡ್ರಲೇ. ನಮ್ಮ ಕಾಲದ ಕಾರ್ಟೂನಿಗೆ ಕರೆಂಟ ಬೇಕಾಗಿಲ್ಲ. ಬೇ ಅಕ್ಕ, ಇದು ನೆನಪೈತೇನು? ಚಳಿಗಾಲ ಬಂತು, ಮನ್ಯಾಗ ಒಂದ ಕಂಬಳಿ.”

“ನೆನಪೈತಿ. ಇಬ್ಬರೂ ಹೊದ್ದುಕೊಂಡು ಬಜಿ ತಿಂತಾರ,” ಎಂದಳು ಅಮರಮ್ಮ.

“ಬಜಿ ಬಿಡು. ಕಂಬಳಿ ನೋಡು! ಅಂಚಿ ಮಾಸ್ತರಗ ಪಗಾರ ಬರ್ತೈತಿ, ಡ್ರೈವರಗ ಪಗಾರ ಬರ್ತೈತಿ. ಇನ್ನೊಂದು ಕಂಬಳಿ ಕೊಳ್ಳಾಕ ಏನ್ ಧಾಡಿ?”

ಅಜ್ಜಿ ಜಂಬಮ್ಮ ಸೊಪ್ಪು ಸೋಸುತ್ತಿದ್ದವಳು ಕತ್ತೆತ್ತಿದಳು.

“ಇದು ನೋಡು ಆಯಿ. ನರಿಯವ್ವ ಕರಡೆಪ್ಪಗ ಹೆಣ್ಣು ತೋರಸ್ತೀನಂತ ಬಂದಾಳ. ಇಬ್ಬರೂ ಏನ್ ಮಾಡ್ಯಾರ? ಅಟ್ಟ ಹತ್ತಿ ಅಡಗಿ ಕುಂತಾರ! ಒಬ್ಬಗ ಹೆಣ್ಣು ಬಂದ್ರ ಇನ್ನೊಬ್ಬ ಯಾಕ ಅಡಗಬೇಕು? ಮತ್ತ ಇಲ್ಲಿ, ಕೊಕ್ಕರೆಪ್ಪ ಸಿಟ್ಟು ಬಂದು ಪೆಟ್ಟಿಗಿ ಹಿಡಕೊಂಡು ತವರಿಗೆ ಹೊಂಟಾನ. ಕರಡೆಪ್ಪ ಬಸ್ ನಡುದಾರ್ಯಾಗ ನಿಲ್ಲಿಸಿ, ಮಂದೀನ್ನ ಇಳಿಸಿ, ಜೇನಿನ ಡಬ್ಬಿ ತಗೊಂಡು ಹಿಂದ ಓಡ್ತಾನ. ಎಷ್ಟ್ ವರ್ಷ ಓದಿದ್ವಿ, ಅಕ್ಕ, ತಲೀಗೇ ಹೊಳಿಲಿಲ್ಲ. ಇವರು ಗೆಳ್ಯಾರಲ್ಲ. ಗಂಡ ಹೇಣ್ತಿ!”

“ಎರಡೂ ಗಂಡಲ್ಲೋ ಶರಣ್ಯಾ?” ಬಸ್ಸಪ್ಪ ಕೇಳಿದ.

“ಮಜಾ ಇರೂದ ಅದ್ರಾಗ, ಮಾವ!”

ಅಮರಮ್ಮ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅಜ್ಜಿಯೂ ನಕ್ಕಳು. ಒಲೆಯ ಮುಂದಿದ್ದ ಅವ್ವ ಕಸ್ತೂರೆಮ್ಮ “ಏನ್ ಬಾಯೋ ಇದು” ಎನ್ನುತ್ತ ನಕ್ಕಳು. ಎಂಟನೇ ಇಯತ್ತೆ ಫೇಲಾಗಿ ಸಾಲಿ ಬಿಟ್ಟ ಮೇಲೆ ಶರಣನಿಗೆ ಆ ಮನೆಯಲ್ಲಿ ಸಿಕ್ಕ ಮರ್ಯಾದೆ ಎಂದರೆ ಇಷ್ಟೇ, ನಗಿಸುವುದು. ನಗೆ ಏರಿದಷ್ಟೂ ಅವನು ಏರಿದ. ಪ್ರತಿ ಕಥೆಯ ಕೊನೆಗೆ ಕರಡೆಪ್ಪ ಬಸ್ಸಿಗೆ ಹೊರಡುವಾಗ ಬಿಸಿಲು ತಾಗದಂತೆ ಕೊಕ್ಕರೆಪ್ಪ ಅವನ ತಲೆಗೆ ಟವೆಲ್ಲಿನಂಥ ವಲ್ಲಿ ಕಟ್ಟುತ್ತಿದ್ದ. ಅದನ್ನು ಮಾಡಿ ತೋರಿಸಲು ಶರಣ ಎದ್ದು ನಿಂತ. ಹೆಗಲ ಮೇಲಿನ ವಲ್ಲಿ ತೆಗೆದು ಒಮ್ಮೆ ಝಾಡಿಸಿದ. ಎದುರಿಗೆ ಕರಡೆಪ್ಪ ನಿಂತಿದ್ದಾನೆ ಎಂಬಂತೆ ಗಾಳಿಯಲ್ಲಿ ಎರಡು ಸುತ್ತು ಸುತ್ತಿ, ಗಂಟನ್ನು ಎಡಗಿವಿಯ ಮೇಲೆ ತಂದು, ಚಸ್ಮಾ ಸರಿಪಡಿಸಿಕೊಂಡಂತೆ ಮೂಗಿಗೆ ಬೆರಳಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ಕತ್ತು ಓರೆ ಮಾಡಿ ನೋಡಿದ.

ನಗೆ ನಿಂತಿತು.

ಹಾಗೆ ಯಾರು ಕಟ್ಟುತ್ತಾರೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾಕಾ ಏಣಿ ಹತ್ತುವ ಮೊದಲು ಯಂಕೋಬ ದಿನಾ ಕಟ್ಟುತ್ತಿದ್ದ, ಹೀಗೆಯೇ, ಇದೇ ಕಿವಿಯ ಮೇಲೆ. ಶರಣ ಯಾರ ಹೆಸರೂ ಎತ್ತಿರಲಿಲ್ಲ. ಕೈ ಹೇಳಿಬಿಟ್ಟಿತು.

“ಸಾಕು, ನಡಿ,” ಎಂದಳು ಅಜ್ಜಿ. “ಅಟ್ಟಕ್ಕ ಸುಣ್ಣ ಬಳಿ ಹೋಗು.”

ಬಸ್ಸಪ್ಪ ಮಾತ್ರ ಎಲ್ಲರೂ ಸುಮ್ಮನಾದ ಮೇಲೆ ನಕ್ಕ. ಒಬ್ಬನೇ ನಕ್ಕ.

ನಿಶ್ಚಯದ ಪಂಕ್ತಿ ಎದ್ದ ಕೂಡಲೇ ಶರಣ ಬಸ್ಸಪ್ಪನನ್ನು ಎತ್ತಿನ ಕೊಟ್ಟಿಗೆಯ ಹಿಂದೆ ಹಿಡಿದ.

“ಏನಂತ ಅಂದಿ ಮಾವ ನಮ್ಮ ಕಾಕಾಗ? ಮಂದ್ಯಾಗ ಇಜ್ಜತ್ ಕಳದೀ?”

“ನಾ ಕಳದೆನೇನು? ಮಸ್ಕಿರಿ ಹುಟ್ಟಿಸಿದಾವ ಯಾರಲೇ? ನಾ ಬರೇ ಹಾಡಿದೆ, ಹಾಡು ಕಟ್ಟಿದಾವ ನೀ.”

ಶರಣ ಅವನ ಅಂಗಿಯ ಕೊರಳಪಟ್ಟಿ ಹಿಡಿದ. ಗುಂಡಿ ಹರಿದು ಸಗಣಿಯಲ್ಲಿ ಬಿತ್ತು. ಕೈ ತೊಳೆಯಲು ಬಂದಿದ್ದ ಬೀಗರು ಓಡಿ ಬಂದು ಬಿಡಿಸಿದರು. ಅವನು ಕೈ ಮಾಡಿದ್ದೇ ಕೇಡಾಯಿತು. ಪಂಕ್ತಿಯಲ್ಲಿ ಮಸ್ಕಿರಿ ಎಂದು ನಕ್ಕು ಬಿಟ್ಟವರೂ ಈಗ, ಏನೋ ಇರಬೇಕು, ಇಲ್ಲದಿದ್ದರೆ ಇಷ್ಟು ಉರಿ ಯಾಕೆ ಎಂದು ಮಾತಾಡಿಕೊಂಡೇ ಟೆಂಪೋ ಹತ್ತಿದರು.

ಎರಡು ದಿನ ಬಿಟ್ಟು ಅಮರಮ್ಮ ಒಬ್ಬಳೇ ಲಿಂಗಸೂಗೂರಿನಿಂದ ಬಂದಳು. ಕಣ್ಣು ಊದಿದ್ದವು.

“ನಮ್ಮತ್ತಿ ಅಂತಾಳ, ಅಂಥ ಮನಿಗೆ ಮಗಳನ್ನ ಹೆಂಗ ಕಳಸ್ಲಿ ಅಂತ. ಮದುವಿ ಹಂದರದಾಗ ಆ ಯಂಕೋಬ ಕಾಣಬಾರದು. ಮಾಳಗಿ ಖೋಲ್ಯಾಗ ಇರಬಾರದು. ಇಲ್ಲಾಂದ್ರ ನೀಲಮ್ಮನೂ ಬರಂಗಿಲ್ಲ, ನಾನೂ ತವರಿಗೆ ಬರಂಗಿಲ್ಲಂತ.”

“ನೀ ಯಾಕ ಬರಂಗಿಲ್ಲ? ನಿಂದೇನು ನಡುವ?” ಶರಣ ಕೂಗಿದ.

“ನನ್ನ ಕೇಳ್ತೀಯೇನೋ? ಅವತ್ತು ಕೊಳ್ಳಪಟ್ಟಿ ಹಿಡದಿ. ಮನಿಗೆ ಹೋದ ಮ್ಯಾಲ ಅದ್ರ ಲೆಕ್ಕ ನಾ ತೀರಿಸೀನಿ.” ಅವಳು ಸೆರಗು ಸರಿಸಿ ಭುಜ ತೋರಿಸಿದಳು. ಬಳೆಯ ಅಗಲಕ್ಕೆ ಕಪ್ಪಗಾಗಿತ್ತು.

ಆ ಹೊತ್ತಿಗೆ ಅಪ್ಪ ಗಂಜಿನಿಂದ ಊಟಕ್ಕೆ ಬಂದ. ಅಮರಗುಂಡಪ್ಪ ಊಟದ ನಡುವೆ ಮಾತಾಡುವ ಮನುಷ್ಯನಲ್ಲ. ಅವತ್ತು ಮೊದಲ ತುತ್ತಿಗೇ ಶುರು ಮಾಡಿದ.

“ಸೂಗಪ್ಪ, ನಾ ಬ್ಯಾರೆ ಏನೂ ಕೇಳಂಗಿಲ್ಲ. ಮದುವಿ ಮುಗಿಯೂತನಕ ಯಂಕೋಬ ಅವರ ಊರಿಗೆ ಹೋಗಲಿ.”

ಕಾಕಾ ರೊಟ್ಟಿ ಮುರಿಯುತ್ತಿದ್ದ. “ಅವಗ ಊರಾಗ ಯಾರದಾರಣ್ಣ?”

“ಅವನ ತಂಗಿ ಅದಾಳಲ್ಲ.”

“ಅದಾಳ.”

“ಮತ್ತ?”

ಕಾಕಾ ಮುರಿದ ರೊಟ್ಟಿಯನ್ನು ಮತ್ತೆ ಮುರಿದ. “ಮದುವಿ ಆದ ಮ್ಯಾಲ ಬರ್ತಾನಲ್ಲ?”

ಅಪ್ಪ ನೀರು ಕುಡಿದ. “ಆ ಮಾತು ಆಮ್ಯಾಲ,” ಎಂದ.

ಕಟ್ಟೆಯ ಮೇಲೆ ಉಣ್ಣುತ್ತಿದ್ದ ಯಂಕೋಬನಿಗೆ ಪ್ರತಿ ಮಾತೂ ಕೇಳಿಸಿತ್ತು. ಉಂಡು, ತಾಟು ತೊಳೆದು, ಕಟ್ಟೆಯ ಗೂಡಿನಲ್ಲಿ ಎಂದಿನಂತೆ ಬೋರಲು ಹಾಕಿದ. “ಅಕ್ಕಾರ, ಸಾರು ಛಲೋ ಇತ್ರಿ,” ಎಂದು ಒಳಗೆ ಕೂಗಿ ಹೇಳಿದ. ಮಾಳಿಗೆ ಹತ್ತಿ ಎರಡು ಅಂಗಿ ಚೀಲಕ್ಕೆ ಹಾಕಿಕೊಂಡು ಇಳಿದ. ಕಾಕಾ ಅವನ ಹಿಂದೆ ಬಾಗಿಲ ತನಕ ಹೋದ. ಮನೆ ತುಂಬಾ ಜನ ನೋಡುತ್ತಿದ್ದರು, ಏನು ಮಾತಾಡಿಯಾರು.

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಮದುವೆ ಕೆಲಸ ಜೋರಾಯಿತು. ಶ್ಯಾವಿಗೆ ಹೊಸೆದರು, ಹಪ್ಪಳ ಒಣಗಿಸಿದರು. ವಳಕಮದಿನ್ನಿಯ ಹೊಲದಿಂದ ಹೊಸ ಸೋನಾ ಭತ್ತ ಮಿಲ್ಲಿಗೆ ಹೋಗಿ ಅಕ್ಕಿಯಾಗಿ ಬಂತು. ಟ್ರಾಕ್ಟರ್ ಓಡಿಸಿದ್ದು ಶರಣ. ಮದುಮಗನೆಂದು ಯಾರೂ ಅವನಿಗೆ ಕೆಲಸ ಕಡಿಮೆ ಮಾಡಲಿಲ್ಲ, ಮದುಮಗನಂತೆ ಅವನೂ ಇರಲಿಲ್ಲ. ಹಗ್ಗ ಕಟ್ಟುವಾಗ ಹಮಾಲರಿಗೆ ಬೈದ. ಟ್ರಾಲಿ ಹಿಂದಕ್ಕೆ ಬಿಡುವಾಗ ಹಂದರದ ಗೂಟ ಮುರಿದ. ಅವ್ವ ಕೇಳಿದರೆ ಅವ್ವನ ಮೇಲೂ ಹರಿಹಾಯ್ದ.

ಕಾಕಾನ ಕೆಲಸ ನಿಂತೇ ಹೋಯಿತು ಎನ್ನಬೇಕು. ಅವರ ಕಸುಬಿನ ರೀತಿಯೇ ಹಾಗಿತ್ತು. ಗೆರೆ ಎಳೆಯುವವನು ಯಂಕೋಬ, ಬಣ್ಣ ತುಂಬುವವನು ಕಾಕಾ. ಯಂಕೋಬನ ಕೈ ಎಂಥದೆಂದರೆ ಬಂಗಾಲಿ ನಿರಾಶ್ರಿತರಿರುವ ಆರ್.ಎಚ್. ಕ್ಯಾಂಪಿನ ಮೀನಿನಂಗಡಿಯವನು ಚೀಟಿಯಲ್ಲಿ ಬಂಗಾಲಿ ಬರೆದುಕೊಟ್ಟರೆ, ಒಂದಕ್ಷರ ಓದಲು ಬರದಿದ್ದರೂ ನೋಡಿ ನೋಡಿ ಹಾಗೇ ಇಳಿಸುತ್ತಿದ್ದ. ಕಾಕಾ ಆ ಗೆರೆಯೊಳಗೆ ಬಣ್ಣ ಬಿಟ್ಟರೆ ಒಂದು ಕೂದಲೂ ಆಚೆ ಹೋಗುತ್ತಿರಲಿಲ್ಲ. ಈಗ ಕಾಕಾ ಒಬ್ಬನೇ ಪಾಮನಕಲ್ಲೂರಿನ ಗೌಡನ ಟ್ರಾಲಿಗೆ ಹೆಸರು ಬರೆದ. ಅಕ್ಷರ ಒಂದು ಎತ್ತರ, ಒಂದು ಕುಳ್ಳು. ಗೌಡ ಮನೆಗೇ ಬಂದ.

“ಏನ್ ಸೂಗಪ್ಪ, ಅಕ್ಷರ ಕುಡದು ಬಂದಾವೇನು? ನಿನ್ನ ಜೋಡಿ ಎಲ್ಲಿ?”

“ಊರಿಗೆ ಹೋಗ್ಯಾನ್ರಿ.”

“ಕರಸು ಮತ್ತ! ಇದನ್ನ ಒರಸು.”

ಊಟಕ್ಕೆ ಕಾಕಾ ಎಲ್ಲರದೂ ಆದ ಮೇಲೆ ಬರತೊಡಗಿದ. ಒಳಗೆ ಕೂರುತ್ತಿರಲಿಲ್ಲ. ತಾಟು ತೆಗೆದುಕೊಂಡು ಕಟ್ಟೆಗೆ ಹೋಗಿ, ಯಂಕೋಬ ಕೂರುತ್ತಿದ್ದ ಜಾಗದಲ್ಲಿ ಕೂರುತ್ತಿದ್ದ. ಒಂದು ಮಧ್ಯಾಹ್ನ ಕಸ್ತೂರೆಮ್ಮ ಗೂಡಿನಲ್ಲಿದ್ದ ಯಂಕೋಬನ ತಾಟು ತೆಗೆದು, ಮದುವೆ ಪಾತ್ರೆಗಳ ಜೊತೆ ಬೂದಿ ಹಚ್ಚಿ ತಿಕ್ಕಿದಳು. ಇಡುವಾಗ ಎಲ್ಲಿಡಬೇಕೆಂದು ತಿಳಿಯದೆ ನಿಂತಳು.

“ಅತ್ತಿ, ಇದನ್ನ ಒಳಗ ಇಡ್ಲೋ, ಗೂಡಿನ್ಯಾಗ ಇಡ್ಲೋ?”

“ಇದ್ದಲ್ಲೇ ಇಡು,” ಎಂದಳು ಜಂಬಮ್ಮ.

“ಮಂದಿ ನೋಡಿದ್ರ?”

“ನೋಡಿದ್ರ ನೋಡ್ಲಿ. ಉಂಡ ತಾಟು ಅದು, ಕದ್ದದ್ದಲ್ಲ.” ಮುದುಕಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. “ನಾ ನನ್ನ ಮಗಗ ಹೆಣ್ಣು ನೋಡ್ಲಿಲ್ಲೇನು ಕಸ್ತೂರಿ? ಮಾನ್ವಿ ಕಡಿಯಿಂದ ಬೀಗರು ಬಂದು ಪಡಸಾಲ್ಯಾಗ ಕುಂತಾರ, ಇವ ಕಾಣವಲ್ಲ. ಹುಡುಕಿದ್ರ ಅಟ್ಟದ ಮ್ಯಾಲ ಕುಂತಾನ. ಯಂಕೋಬ ಕೆಳಗ ನಿಂತು, ಸೂಗಪ್ಪ ಇಲ್ಲಿಲ್ರಿ ಅಂತಾನ. ಮ್ಯಾಲ ಇವ ಸೀನಿದ.”

ಕಸ್ತೂರೆಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಹಿಡಿದಳು. ಜಂಬಮ್ಮ ನಗಲಿಲ್ಲ.

“ಅವತ್ತ ತಿಳೀತು ನನಗ. ಎಲ್ಲಾರಿಗೂ ತಿಳಿದಿತ್ತು. ತಿಳಿದೂ ಸುಮ್ಮಕಿದ್ವಿ, ಅನ್ನ ಹಾಕಿದ್ವಿ, ನಡೀತು. ಈ ನನ್ನ ಮೊಮ್ಮಗ ಅದನ್ನ ಬಯಲಾಟ ಮಾಡಿ ಕುಣಿದ.”

ಬಾಗಿಲಲ್ಲಿ ಡೀಸೆಲ್ ಡಬ್ಬಿ ಹಿಡಿದು ನಿಂತಿದ್ದ ಶರಣನಿಗೆ ಇದು ಕೇಳಿಸಿತು. ಡಬ್ಬಿಯನ್ನು ಅಲ್ಲೇ ಕುಕ್ಕಿ, ಬಸ್‌ಸ್ಟ್ಯಾಂಡಿಗೆ ಹೋಗಿ ಮಸ್ಕಿಯ ಬಸ್ಸು ಹತ್ತಿದ.

ಮಸ್ಕಿಯಲ್ಲಿ ಯಂಕೋಬ ತಂಗಿಯ ಮನೆಯ ಮುಂದೆ ಬೇವಿನ ನೆರಳಲ್ಲಿ ಕೂತು, ಯಾವುದೋ ಹೋಟೆಲಿನ ತಗಡಿಗೆ ‘ಇಲ್ಲಿ ಕೈ ತೊಳೆಯಬಾರದು’ ಎಂದು ಗೆರೆ ಎಳೆದಿದ್ದ. ಬಣ್ಣ ತುಂಬಿರಲಿಲ್ಲ. ಅಂಥವೇ ಇನ್ನೂ ನಾಲ್ಕಾರು ತಗಡುಗಳು ಗೋಡೆಗೆ ಆನಿಸಿದ್ದವು. ಎಲ್ಲವೂ ಬರೀ ಗೆರೆ.

“ಬಾ ಮದುಮಗ,” ಎಂದ ಯಂಕೋಬ. “ನಿಮ್ಮ ಕಾಕಾ ಉಂಡಾನಿಲ್ಲೋ?”

“ಉಣ್ಣಾಕತ್ಯಾನ. ಯಂಕೋಬಣ್ಣ, ನಾ ತಪ್ಪ...”

“ಅದು ಬಿಡು. ಆ ಕಥಿ ಹೇಳು.”

“ಯಾವ ಕಥಿ?”

“ಊರಿಗೆಲ್ಲ ಹೇಳಿದ್ಯಲ್ಲ. ಲಿಂಗಸೂಗೂರಿನ ತನಕ ಹೋಗೇತಿ. ನನಗ ಮಾತ್ರ ಯಾರೂ ಹೇಳವಲ್ರು. ಹೇಳಲೇ, ನಾನೂ ನಗ್ತೀನಿ.”

ಶರಣ ಒಲ್ಲೆ ಎಂದ. ಯಂಕೋಬ ಬಿಡಲಿಲ್ಲ. ಕೊನೆಗೆ ನೆಲ ನೋಡುತ್ತ, ಪಾಠ ಒಪ್ಪಿಸುವ ಹುಡುಗನಂತೆ, ಕಂಬಳಿ ಹೇಳಿದ, ನರಿಯವ್ವನನ್ನು ಹೇಳಿದ. ಜೇನಿನ ಡಬ್ಬಿಗೆ ಬಂದಾಗ ಯಂಕೋಬ ನಿಜವಾಗಿ ನಕ್ಕ. ಚಸ್ಮಾ ತೆಗೆದು ಕಣ್ಣು ಒರೆಸಿಕೊಂಡ.

“ಒಂದು ಮರತಿ ನೀ. ಕೊಕ್ಕರೆಪ್ಪಗ ನೆಗಡಿ ಬಂದದ್ದು. ಕರಡೆಪ್ಪ ಕಷಾಯ ಕಾಸಾಕ ಹೋಗಿ ಅಡಗಿಮನಿ ಸುಟ್ಟು, ಡಾಕ್ಟರಗ ಏನಂತಾನ? ಮನೀನ ಹೋದ್ರೂ ಹೋಗ್ಲಿ, ಇವನ ಮೂಗು ನೋಡ್ರಿ ಅಂತಾನ. ಅದ ಎಲ್ಲಾಕ್ಕಿಂತ ಭಾರಿ.”

ಶರಣ ಬಾಯಿ ತೆರೆದು ನೋಡಿದ. “ನಿನಗ ಗೊತ್ತಿತ್ತೇನು? ಅವರು ಅಂಥವರು ಅಂತ?”

“ನಿನಕಿಂತ ಮೊದಲ ನಕ್ಕೀವಿ ನಾವು. ಪುಸ್ತಕ ಬಸ್‌ಸ್ಟ್ಯಾಂಡಿನ್ಯಾಗ ಇಳೀತಿದ್ದಂಗ ಸೂಗಪ್ಪ ತರ್ತಿದ್ದ. ಮಾಳಗಿ ಮ್ಯಾಲ ಕುಂತು, ಹಿಂದಿನ ಪುಟ ಓದಿ, ನಕ್ಕು ನಕ್ಕು ಸಾಕಾಗಿ, ಆಮ್ಯಾಲ ಕೆಳಗ ಕೊಡ್ತಿದ್ವಿ. ನಿಮಗಂತ ತರ್ತಾನ ಅಂತ ನೀವು ತಿಳಕೊಂಡ್ರಿ. ಅದು ನಮ್ಮದು ಶರಣ. ಆ ಪುಸ್ತಕ ನಮಗಂತ ತಂದದ್ದು.” ಅವನು ಕುಂಚ ಒರೆಸಿದ. “ಆ ಚಿತ್ರ ಬರದಾವ ಯಾರೋ, ಎಲ್ಲಿಯಾವನೋ. ಅವಗೊಂದು ಕಾಗದ ಬರೀಬೇಕಂತಿದ್ದ ನಿಮ್ಮ ಕಾಕಾ. ಏನಂತ ಬರೀಬೇಕು, ತಿಳೀಲಿಲ್ಲ.”

ಶರಣನಿಗೆ ಅಳು ಬಂತೋ ಸಿಟ್ಟು ಬಂತೋ. ಅವನಿಗೆ ಗೊತ್ತಿದ್ದದ್ದು ಸಿಟ್ಟೊಂದೇ. “ಹಂಗಾದ್ರ ಬೈಯಿ ನನಗ! ಹೊಡಿ! ಕಾಕಾನೂ ಬೈಯವಲ್ಲ, ನೀನೂ ಬೈಯವಲ್ಲಿ!”

“ಬೈದ್ರ ನಿನಗ ಹಗುರಾಗ್ತೈತಿ. ನಮಗೇನಾತು?”

ಶರಣ ಗೋಡೆಗೆ ಆನಿಸಿದ್ದ ಬರೀ ಗೆರೆಯ ತಗಡುಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಹೇಳಿದ, “ಮದುವಿ ಗ್ವಾಡಿ ಬರೀಬೇಕು. ನನ್ನ ಹೆಸರು ಯಾರೋ ಲಿಂಗಸೂಗೂರಿನಾವ ಬರದ್ರ ನಾ ಆ ಬಾಗಲದಾಗ ಕಾಲಿಡಂಗಿಲ್ಲ. ನೀ ಬಂದು ಗೆರಿ ಎಳಿ.”

ಸಿಂಧನೂರಿನ ಕಡೆ ಮದುಮಗನ ಮನೆಯ ಮುಂಗೋಡೆಗೆ ಚಿತ್ರ ಬರೆಸದಿದ್ದರೆ ಮದುವೆಗೆ ಕಳೆಯಿಲ್ಲ. ಬಾಗಿಲ ಮೇಲೆ ಇಬ್ಬರ ಹೆಸರು, ಎರಡೂ ಬದಿಗೆ ಲಾಠಿ ಹಿಡಿದ ಕಾವಲುಗಾರರು. ಆ ಓಣಿಯ ಎಲ್ಲ ಮದುವೆ ಗೋಡೆಗಳೂ ಇವರಿಬ್ಬರ ಕೈಯವೇ. ಯಂಕೋಬ ಬಹಳ ಹೊತ್ತು ಕುಂಚದ ಕೂದಲು ನೋಡಿದ. “ಸೋಮವಾರ ನಿಮ್ಮಪ್ಪ ಗಂಜಿನ್ಯಾಗ ಇರ್ತಾನ,” ಎಂದ.

ಸೋಮವಾರ ಬಂದ. ಕಾಕಾನನ್ನು ನೋಡಿ “ಸೊರಗೀದಿ” ಎಂದ. ಕಾಕಾ “ನೀನೂ” ಎಂದ. ಕಾಕಾ ಏಣಿ ಹಿಡಿದ, ಯಂಕೋಬ ಇದ್ದಿಲಿನಿಂದ ಗೆರೆ ಎಳೆದ. ಅಜ್ಜಿ ಕಟ್ಟೆಯ ಮೇಲೆ ಅವನ ತಾಟಿಗೇ ಬಡಿಸಿದಳು. ಉಂಡು ಮಧ್ಯಾಹ್ನದ ಬಸ್ಸಿಗೆ ಹೋದ. ಹೋಗುವ ಮೊದಲು ಕಾಕಾನ ತಲೆಗೆ ವಲ್ಲಿ ಕಟ್ಟಿದ. ಝಾಡಿಸಿ, ಎರಡು ಸುತ್ತು, ಗಂಟು ಎಡಗಿವಿಯ ಮೇಲೆ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಶರಣ ಬೇರೆ ಕಡೆ ಮುಖ ತಿರುಗಿಸಿದ.

ಕಾಕಾ ಮರುದಿನದಿಂದ ಬಣ್ಣ ತುಂಬತೊಡಗಿದ. ಬಣ್ಣ ಬಿದ್ದಂತೆ ಚಿತ್ರ ಎದ್ದು ಬಂತು. ಎಡಬದಿಯ ಕಾವಲುಗಾರ ದಪ್ಪ, ಕೈ ತುಂಬಾ ಕೂದಲು, ತಲೆಗೆ ಪೇಟದ ಬದಲು ವಲ್ಲಿ. ಬಲಬದಿಯವನ ಕುತ್ತಿಗೆ ಉದ್ದ, ಕಣ್ಣಿಗೆ ಚಸ್ಮಾ. ಇಬ್ಬರ ಕೈಯಲ್ಲೂ ಲಾಠಿ. ಇಬ್ಬರೂ ಭಾರಿ ಗಂಭೀರವಾಗಿ ಮದುಮಗನ ಬಾಗಿಲು ಕಾಯುತ್ತಿದ್ದರು.

ಜಂಬಮ್ಮ ಕೋಲೂರಿಕೊಂಡು ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. “ಈ ಡೊಳ್ಳಿನ ಪೊಲೀಸನ್ನ ಎಲ್ಲೋ ನೋಡೀನಲ್ಲೋ ಸೂಗಪ್ಪ!” ಎಂದು ಕುಲುಕುಲು ನಕ್ಕಳು. ಕಾಕಾನೂ ನಕ್ಕ. ನಿಶ್ಚಯದ ಊಟ ಆದ ಮೇಲೆ ಶರಣ ಅವನ ಹಲ್ಲು ನೋಡಿದ್ದು ಅವತ್ತೇ.

ಆ ನಗು ಎರಡು ದಿನ ಬಾಳಿತು. ಜವಳಿ ತರುವ ಮಾತಿಗೆ ಬಸ್ಸಪ್ಪ ಅಮರಮ್ಮನನ್ನೂ ತನ್ನ ಕಡೆಯ ಹಿರಿಯರನ್ನೂ ಕರೆದುಕೊಂಡು ಬಂದ. ಹಂದರದಲ್ಲಿ ಜಮಖಾನೆ ಹಾಸಿತ್ತು. ಅವನು ಕೂರಲಿಲ್ಲ. ಗೋಡೆಯ ಮುಂದೆ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

“ನೋಡ್ರಿ ಹಿರ್ಯಾರ. ನಮ್ಮ ತಂಗಿ ಈ ಬಾಗಲದಾಗ ಅಕ್ಕಿ ಒದ್ದು ಒಳಗ ಬರಬೇಕಂತ. ಎಡಕ್ಕ ಕರಡೆಪ್ಪ, ಬಲಕ್ಕ ಕೊಕ್ಕರೆಪ್ಪ. ಇದು ಮದುವಿ ಮನ್ಯೋ, ಮತ್ತೊಂದೋ?”

“ನಾ ಹೇಳಿ ಬರಸೀನಿ!” ಶರಣ ಮುಂದೆ ಬಂದ. “ನನ್ನ ಮದುವಿ, ನನ್ನ ಗ್ವಾಡಿ!”

“ನೀ ಸುಮ್ಮಕಿರು!” ಅಪ್ಪ ಗುಡುಗಿದ. ಅಮರಗುಂಡಪ್ಪನ ಕಣ್ಣು ಬಸ್ಸಪ್ಪನ ಹಿಂದೆ ಬಾಗಿಲ ಚೌಕಟ್ಟಿಗೆ ಅಂಟಿ ನಿಂತಿದ್ದ ಮಗಳ ಮೇಲಿತ್ತು. ಅವನು ತಾನೇ ಒಳಗೆ ಹೋಗಿ ಸುಣ್ಣದ ಬಕೀಟು ತಂದು ತಮ್ಮನ ಕಾಲ ಬುಡದಲ್ಲಿಟ್ಟ. ಬಕೀಟು ಇಡುವಾಗ ಸುಣ್ಣ ತುಳುಕಿ ಕಾಕಾನ ಪಾದದ ಮೇಲೆ ಬಿತ್ತು.

“ಸೂಗಪ್ಪ, ನೀನ ಬಳಿ. ಬಳದು, ಇವರ ಮುಂದ ಒಂದ ಮಾತು ಅಂದುಬಿಡು. ಯಂಕೋಬ ನನ್ನ ಕೂಲಿಯಾವ, ಬ್ಯಾರೆ ಏನೂ ಅಲ್ಲ ಅಂತ. ಅಷ್ಟ ಸಾಕು. ಮಾಳಗಿ ಖೋಲಿ ನಿಂದ, ಮದುವ್ಯಾಗ ನನ್ನ ಮಗ್ಗಲಕ್ಕ ನಿಂದ್ರಾವ ನೀನ. ಒಂದ ಮಾತು ತಮ್ಮಾ. ನನ್ನ ಮಗಳ ಬಾಳೇವು ಐತಿ ಇದ್ರಾಗ.”

ಕಾಕಾ ಅಣ್ಣನನ್ನು ನೋಡಿದ, ಅಮರಮ್ಮನನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಹೇಳಿಬಿಡುತ್ತಾನೆ ಎನಿಸಿತು ಶರಣನಿಗೆ. ಹೇಳಿದರೆ ಎಲ್ಲರಿಗೂ ಸುಸೂತ್ರ, ಅವನ ಮದುವೆಗೂ ಸುಸೂತ್ರ. ಆದರೂ ಅವನು ಇನ್ನೊಂದು ಹೆಜ್ಜೆ ಮುಂದೆ ಬಂದ.

“ಕಾಕಾ, ಬೈಯೋ ಇವರ್ನ!” ಎಂದು ಕೂಗಿದ. “ಏನರ ಅನ್ನೋ!”

ಕಾಕಾ ಕೈಯಲ್ಲಿದ್ದ ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದ. ಚಿಂದಿಯಲ್ಲಿ ಒರೆಸಿದ. ಬಣ್ಣ ಒಣಗದಂತೆ ಡಬ್ಬಿಗಳ ಮುಚ್ಚಳ ಒಂದೊಂದೇ ಒತ್ತಿ ಹಾಕಿ, ಚೀಲಕ್ಕೆ ಹಾಕಿಕೊಂಡ. ಅವನು ಕಟ್ಟೆಗೆ ಹೋಗಿ ಗೂಡಿಗೆ ಕೈ ಹಾಕಿ, ಬೋರಲಿದ್ದ ತಾಟನ್ನೂ ತೆಗೆದುಕೊಂಡ. ಇದು ಪಂಕ್ತಿಯಲ್ಲ, ಏಳಲು ಯಾರು ಮುಗಿಸುವುದನ್ನೂ ಕಾಯಬೇಕಾಗಿರಲಿಲ್ಲ.

“ಸೂಗ್ಯಾ!” ಅಮರಗುಂಡಪ್ಪನ ದನಿ ಒಡೆಯಿತು. “ನಾ ಕೇಳಾಕತ್ತೀನಿ. ಆ ಯಂಕೋಬ ನಿನಗ ಏನಾಗಬೇಕಲೇ?”

ಕಾಕಾ ಹೆಗಲ ಮೇಲಿನ ವಲ್ಲಿ ತೆಗೆದು ತಾನೇ ತಲೆಗೆ ಸುತ್ತಿಕೊಂಡ. ಗಂಟು ಕೂರಲಿಲ್ಲ, ಕಿವಿಯಿಂದ ಜಾರಿ ಕುತ್ತಿಗೆಗೆ ಬಿತ್ತು. ಮತ್ತೆ ಕಟ್ಟಲು ನಿಲ್ಲಲಿಲ್ಲ. ಒಂದು ಪಾದಕ್ಕೆ ಹತ್ತಿದ್ದ ಸುಣ್ಣ ಓಣಿಯ ಮಣ್ಣಿನ ಮೇಲೆ ಬಿಳಿ ಗುರುತು ಬಿಡುತ್ತ, ಸ್ವಲ್ಪ ದೂರ ಹೋಗಿ ಸವೆಯಿತು. ಅವನು ಮಸ್ಕಿಯ ಬಸ್ಸು ನಿಲ್ಲುವ ಕಡೆ ತಿರುಗಿದ.